ಬೋಳು ಮರಕ್ಕೆ ವಿಷುವಿನ ಗಡುವು

‘ನಾನು ಚಿಕ್ಕವನಿದ್ದಾಗ’ ಎಂದು ಶುರುವಾಗುವ ಮಾತು ವೇದವಾಕ್ಯಕ್ಕೆ ಸಮಾನ. ಅದನ್ನು ಯಾರೂ ಅಲ್ಲಗಳೆಯಲಾರರು. ಅಲ್ಲಗಳೆಯಬಲ್ಲವರೆಲ್ಲ ಅಷ್ಟು ಹೊತ್ತಿಗೆ ತೀರಿಕೊಂಡಿರುತ್ತಾರೆ, ಅಷ್ಟೆ. ತಾತಂದಿರಿಗೆ ದೇವರು ಕೊಟ್ಟ ಈ ಸೌಲಭ್ಯವನ್ನು ನಾನು ನಿಮ್ಮ ಅಕ್ಕನ ಮುಂದೆ ಧಾರಾಳವಾಗಿ ಬಳಸಿಕೊಂಡೆ. ಅದರ ವಿಚಾರಣೆಯೂ ಒಂದು ದಿನ ನಡೆಯುತ್ತದೆ ಎಂದು, ತಾಲ್ಲೂಕು ಕಚೇರಿಯಲ್ಲೇ ತಲೆ ನೆರೆತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಕ್ಕ ಎಂದರೆ ನಿಮ್ಮ ದೊಡ್ಡಪ್ಪನ ಮಗಳು. ಆಗ ಅವಳಿಗೆ ಎಂಟು ವರ್ಷ. ನೀವಿಬ್ಬರೂ ಈ ಲೋಕಕ್ಕೆ ಇನ್ನೂ ಅರ್ಜಿಯನ್ನೇ ಹಾಕಿರಲಿಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ದೊಡ್ಡಪ್ಪನಿಗೆ ಬೆಂಗಳೂರಿನಿಂದ ತಿರುವನಂತಪುರಕ್ಕೆ, ರಾಕೆಟ್ಟಿನ ಕೆಲಸಕ್ಕೆ ವರ್ಗವಾಯಿತು. ಆ ಊರಿನ ಶ್ರೀಕಾರ್ಯಂ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದರು. ಲಾರಿಯಲ್ಲಿ ಬಂದ ಬೀರು, ಮಂಚಗಳ ಜೊತೆ ನಾನೂ ನಿಮ್ಮ ಅಜ್ಜಿಯೂ ಬಂದೆವು.

ಬೀರು, ಮಂಚ ಎಲ್ಲ ಬೇಗ ಹೊಂದಿಕೊಂಡವು. ಅಕ್ಕ ಹೊಂದಿಕೊಳ್ಳಲಿಲ್ಲ. ಶಾಲೆ ಸೇರಿದ ಮೊದಲ ವಾರ ಮಲಯಾಳದಲ್ಲಿ ಏನೋ ಹೇಳಲು ಹೋದಳಂತೆ, ಕ್ಲಾಸು ನಕ್ಕಿತಂತೆ. ಅವತ್ತಿನಿಂದ ಅವಳು ಬಾಯಿಗೆ ಬೀಗ ಹಾಕಿ ಕೀಲಿಕೈಯನ್ನು ಮನೆಯಲ್ಲಿ ಇಟ್ಟುಹೋಗುತ್ತಿದ್ದಳು. ಸಂಜೆ ಬಂದವಳೇ ಅದನ್ನು ಹುಡುಕಿ ತೆಗೆದು, ನನ್ನ ಪಕ್ಕದಲ್ಲಿ ಕೂತು, “ತಾತ, ನೀನು ಚಿಕ್ಕವನಿದ್ದಾಗ…” ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಚಳ್ಳಕೆರೆ ಸೀಮೆಯ ನಮ್ಮ ಊರು, ಅಲ್ಲಿನ ಬಿಸಿಲು, ಅಲ್ಲಿನ ಮರಗಳು. “ನಮ್ಮೂರಲ್ಲಿ ನನಗೆ ಗೊತ್ತಿಲ್ಲದ ಮರವೇ ಇರಲಿಲ್ಲ” ಎಂದೆ. ಅದು ನಿಜವೇ. ಬೇವು, ಹುಣಸೆ, ಹೊಂಗೆ, ಜಾಲಿ, ಬನ್ನಿ, ಆಲ, ಅರಳಿ ಅನ್ನುವಷ್ಟರಲ್ಲಿ ನಮ್ಮೂರಿನ ಅರಣ್ಯ ಸಂಪತ್ತು ಮುಗಿಯುತ್ತಿತ್ತು.

ಫೆಬ್ರವರಿಯಲ್ಲಿ ಅವಳ ಟೀಚರ್ ಫೋನ್ ಮಾಡಿದರು. ಮಕ್ಕಳನ್ನು ಊರಿನ ಸಾರ್ವಜನಿಕ ಉದ್ಯಾನಕ್ಕೆ ಕರೆದುಕೊಂಡು ಹೋಗಿ ಪ್ರಕೃತಿ ಪಾಠ ಮಾಡಬೇಕು, ಮರಗಿಡ ಬಲ್ಲವರು ಯಾರ ಮನೆಯಲ್ಲಾದರೂ ಇದ್ದಾರೆಯೇ ಎಂದು ಕ್ಲಾಸಿನಲ್ಲಿ ಕೇಳಿದರಂತೆ. ಆಗ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತಂತೆ. “ನನ್ನ ತಾತನಿಗೆ ಎಲ್ಲ ಮರವೂ ಗೊತ್ತು” ಎಂದು ಇಂಗ್ಲಿಷಿನಲ್ಲಿ ಹೇಳಿತಂತೆ. “ಅಪ್ಪೂಪ್ಪಾ, ಇಷ್ಟು ತಿಂಗಳಲ್ಲಿ ಅವಳು ಕ್ಲಾಸಿನಲ್ಲಿ ಆಡಿದ ಮೊದಲ ಮಾತು ಇದು. ನೀವು ಬರಲೇಬೇಕು” ಎಂದರು ಟೀಚರ್. ಅಪ್ಪೂಪ್ಪ ಎಂದರೆ ಅಲ್ಲಿ ತಾತ.

ಒಂದು ಮಗುವಿನ ಮೊದಲ ಮಾತು ಸುಳ್ಳಾಗಬಾರದು. ನಾನು ಒಪ್ಪಿಕೊಂಡೆ. ಇಸ್ತ್ರಿ ಮಾಡಿದ ಪಂಚೆ, ಪೂರ್ತಿ ತೋಳಿನ ಅಂಗಿ, ಕೊಡೆ. ವಿದ್ವಾಂಸನಾಗಿ ಕಾಣಲು ಬೇಕಾದದ್ದೆಲ್ಲ ನನ್ನ ಬಳಿ ಇತ್ತು, ವಿದ್ವತ್ತೊಂದನ್ನು ಬಿಟ್ಟು.

ಶಾಲೆಯ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತಳು. ಉದ್ಯಾನದ ಗೇಟಿನಲ್ಲಿ ಇಳಿಯುವಾಗ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು, ದೇವರ ಉತ್ಸವಮೂರ್ತಿಯನ್ನು ತಾನೇ ಹೊರಡಿಸಿಕೊಂಡು ಬಂದವಳ ಹಾಗೆ. ಒಳಗೆ ಕಾಲಿಟ್ಟರೆ, ಏನು ಹೇಳಲಿ, ಹಸಿರು ಗೋಡೆ. ನಮ್ಮೂರಲ್ಲಿ ಮರ ಒಂಟಿಯಾಗಿ ನಿಂತು ನಾಲ್ಕೂ ಕಡೆ ಗಾಳಿ ಕುಡಿಯುತ್ತದೆ. ಇಲ್ಲಿ ಮರದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಪಾಚಿ, ಪಾಚಿಯ ಮೇಲೆ ಇನ್ನೇನೋ ಒಂದು ಗಿಡ ಸಂಸಾರ ಹೂಡಿತ್ತು. ಒದ್ದೆ ಮಣ್ಣಿನ ವಾಸನೆ, ಕೊಳೆತ ಹೂವಿನ ವಾಸನೆ, ಪಕ್ಕದ ಮೃಗಾಲಯದ ಕಡೆಯಿಂದ ಯಾವುದೋ ಪ್ರಾಣಿಯ ಘಾಟು. ಒಂದು ಮರದ ಬೇರುಗಳು ಗೋಡೆಗಳ ಹಾಗೆ ಎದ್ದು ನಿಂತಿದ್ದವು, ಅವುಗಳ ಸಂದಿಯಲ್ಲಿ ಎರಡು ಮಕ್ಕಳು ಆಗಲೇ ಬಚ್ಚಿಟ್ಟುಕೊಂಡಿದ್ದವು.

“ಅಪ್ಪೂಪ್ಪಾ, ಇದು ಯಾವ ಮರ?” ಎಂದರು ಟೀಚರ್, ಭಕ್ತಿಯಿಂದ.

ನಾನು ಕೊಡೆ ಊರಿ, ಕತ್ತೆತ್ತಿ, ಮರವನ್ನು ತುದಿಯಿಂದ ಬುಡದವರೆಗೆ ಪರಿಶೀಲಿಸಿದೆ. ಬುಡದಲ್ಲಿ ತಗಡಿನ ಫಲಕವಿತ್ತು. ಅದರ ಮೇಲಿದ್ದ ಲ್ಯಾಟಿನ್ ಹೆಸರನ್ನು ಮಂತ್ರದ ಹಾಗೆ ಗಟ್ಟಿಯಾಗಿ ಓದಿದೆ.

ಕನ್ನಡಕದ ಹುಡುಗನೊಬ್ಬ ಮುಂದೆಯೇ ನಿಂತಿದ್ದ. “ಅದು ನಮಗೂ ಓದೋಕೆ ಬರುತ್ತೆ ಅಪ್ಪೂಪ್ಪಾ” ಎಂದ. ಮಲಯಾಳ ನನಗೆ ಆಡಲು ಬರುವುದಿಲ್ಲ. ಆದರೆ ಯಾವ ಭಾಷೆಯಲ್ಲಿ ಮಾನ ಹೋದರೂ ಅದು ಅರ್ಥವಾಗುತ್ತದೆ.

ಎರಡನೆಯ ಮರ ಗೊತ್ತಿರಲಿಲ್ಲ. ಮೂರನೆಯದರ ಫಲಕ ತುಕ್ಕು ಹಿಡಿದಿತ್ತು, ಹಾಗಾಗಿ ಅದೂ ಗೊತ್ತಿರಲಿಲ್ಲ. ಗಾಳಿಯಲ್ಲಿ ಬಿಳಿ ರೇಷ್ಮೆ ಎಳೆಯ ಬೀಜವೊಂದು ತೇಲಿಬಂತು. ಅದಕ್ಕೆ ಆ ಊರಿನ ಮಕ್ಕಳು ‘ಅಪ್ಪೂಪ್ಪನ್ ತಾಡಿ’, ಅಂದರೆ ತಾತನ ಗಡ್ಡ, ಎನ್ನುತ್ತಾರೆ. ಕನ್ನಡಕದ ಹುಡುಗ ಅದನ್ನು ಹಿಡಿದು, ನನ್ನ ಗಲ್ಲಕ್ಕೆ ಅಳತೆ ನೋಡಿ, ಅಕ್ಕನ ಕಡೆ ತಿರುಗಿದ. “ನಿನ್ನ ಅಪ್ಪೂಪ್ಪನಿಗೆ ಇದಾದರೂ ಗೊತ್ತಾ ಕೇಳು.” ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಅಳಲಿಲ್ಲ. ನನ್ನ ಕೈ ಬಿಟ್ಟಳು. ಸರ್ಕಾರಿ ನೌಕರಿಯಲ್ಲಿ ನನಗೆ ಮೆಮೊಗಳು ಬಂದದ್ದುಂಟು. ಅಂಥ ಮೆಮೊ ಇನ್ನೊಂದು ಬಂದಿರಲಿಲ್ಲ.

ಹೀಗೆ ಮೆರವಣಿಗೆ ಮುಂದೆ ಸಾಗುವಾಗ ದಾರಿಯ ತಿರುವಿನಲ್ಲಿ ಒಂದು ಬೋಳು ಮರ ಸಿಕ್ಕಿತು. ಅಷ್ಟು ಹಸಿರಿನ ನಡುವೆ ಅದೊಂದೇ ಬೂದುಬಣ್ಣದ ಅಸ್ಥಿಪಂಜರ. ಎಲೆಯಿಲ್ಲ, ಮೊಗ್ಗಿಲ್ಲ, ಫಲಕವೂ ಇಲ್ಲ. ಟೀಚರ್ ನನ್ನನ್ನು ಇನ್ನಷ್ಟು ಪರೀಕ್ಷೆಗೆ ಒಡ್ಡಬಾರದೆಂದು ತಾವೇ ಹೇಳಿದರು, “ಮಕ್ಕಳೇ, ಇದು ಸತ್ತ ಮರ. ಸತ್ತ ಮರವೂ ಗೆದ್ದಲಿಗೆ, ಹಕ್ಕಿಗಳಿಗೆ ಉಪಯೋಗ. ಬನ್ನಿ, ಮುಂದೆ ಹೋಗೋಣ.”

ಮಕ್ಕಳು ಹೊರಟವು. ನನ್ನ ಕಾಲು ಹೊರಡಲಿಲ್ಲ.

ನಾನು ಚಿಕ್ಕವನಿದ್ದಾಗ, ಬೇಸಿಗೆಯಲ್ಲಿ ನಮ್ಮೂರಿನ ಅರ್ಧ ಮರಗಳು ಹೀಗೇ ಕಾಣುತ್ತಿದ್ದವು. ಸೌದೆಗೆಂದು ಅಪ್ಪನ ಹಿಂದೆ ಹೋಗುತ್ತಿದ್ದೆ. ಕಾಲಡಿಯಲ್ಲಿ ನೆಲ ಕಾದ ಹೆಂಚು. ಬೋಳು ಕೊಂಬೆ ಕಂಡ ಕೂಡಲೇ ನಾನು “ಅಪ್ಪಾ, ಇದು ಒಣಗಿದೆ, ಕಡಿ” ಎನ್ನುತ್ತಿದ್ದೆ. ಅಪ್ಪ ಕೊಡಲಿ ಎತ್ತುತ್ತಿರಲಿಲ್ಲ. ನನ್ನ ಕೈ ಹಿಡಿದು, ನನ್ನದೇ ಉಗುರಿನಿಂದ ಕೊಂಬೆಯ ಸಿಪ್ಪೆಯನ್ನು ಚೂರೇ ಚೂರು ಕೆರೆಸುತ್ತಿದ್ದ. ಬೂದು ಸಿಪ್ಪೆಯ ಕೆಳಗೆ ಎಳೆ ಅವರೆಕಾಯಿಯಂಥ ಹಸಿರು. ಮೂಗಿಗೆ ಹಿಡಿದರೆ ಹಸಿ ವಾಸನೆ. “ನೋಡಿದೆಯಾ? ನೀರಿಲ್ಲ ಅಂತ ಅಂಗಡಿ ಬಾಗಿಲು ಹಾಕ್ಕೊಂಡು ಒಳಗೆ ಕೂತದೆ. ಯುಗಾದಿ ಕಳೆಯೋ ತನಕ ಯಾವ ಮರಾನೂ ಸತ್ತದೆ ಅನ್ನಬಾರದು ಮಗಾ.” ಇದು ಅಪ್ಪನ ಮಾತಲ್ಲ, ಊರಿನ ಕಟ್ಟಳೆ. ನಮ್ಮೂರಲ್ಲಿ ಯುಗಾದಿಗೆ ಮುಂಚೆ ಬೋಳು ಮರಕ್ಕೆ ಯಾರೂ ಕೊಡಲಿ ಹಾಕುತ್ತಿರಲಿಲ್ಲ.

ಸರ್ಕಾರಿ ಉದ್ಯಾನದ ಮರವನ್ನು ಮುಟ್ಟಬಾರದೆಂದು ಬೋರ್ಡಿತ್ತು. ಮೂವತ್ತು ಚಿಲ್ಲರೆ ವರ್ಷ ಸರ್ಕಾರದ ಅನ್ನ ತಿಂದ ನಾನು ಆ ಕಡೆ ಈ ಕಡೆ ನೋಡಿ, ಕೈಗೆಟುಕಿದ ಒಂದು ರೆಂಬೆಯನ್ನು ಕಿರುಬೆರಳಿನ ಉಗುರಿನಿಂದ ಕೆರೆದೆ. ಹಸಿರು! ಮೂಗಿಗೆ ಹಿಡಿದೆ. ಚಳ್ಳಕೆರೆಯೇ ಬಂದು ಎದುರು ನಿಂತಿತು.

“ಟೀಚರ್, ನಾಟ್ ಡೆಡ್” ಎಂದೆ. ಆಮೇಲೆ ನನ್ನ ಇಂಗ್ಲಿಷ್ ಮುಗಿಯಿತು. ಮಕ್ಕಳು ಹಿಂದೆ ಬಂದು ಸುತ್ತುಗಟ್ಟಿದವು. ಹೇಳಬೇಕಾದದ್ದೆಲ್ಲ ಗಂಟಲವರೆಗೆ ಬಂದು ಕನ್ನಡದಲ್ಲೇ ನಿಂತಿತು. ನಾನು ಅಕ್ಕನನ್ನು ನೋಡಿದೆ.

“ಹೆಸರು ಗೊತ್ತಾ ತಾತ?” ಎಂದಳು, ಮೆಲ್ಲಗೆ.

“ಹೆಸರು ಗೊತ್ತಿಲ್ಲ ಕಣಮ್ಮ. ಸತ್ತಿಲ್ಲ ಅನ್ನೋದು ಗೊತ್ತು.”

ಅವಳು ರೆಂಬೆಯನ್ನು ನೋಡಿದಳು, ಆಮೇಲೆ ಕನ್ನಡಕದ ಹುಡುಗನನ್ನು ನೋಡಿದಳು. ಉಸಿರು ಎಳೆದುಕೊಂಡು ಮಲಯಾಳದಲ್ಲಿ ಶುರುಮಾಡಿದಳು. ಮೊದಲ ಮಾತಿಗೇ ಯಾರೋ ಕಿಸಕ್ಕೆಂದರು. ನಿಲ್ಲಿಸುತ್ತಾಳೆ ಎಂದುಕೊಂಡೆ. ಬೆರಳು ತೋರಿಸಿ ಅವರನ್ನೇ ಸುಮ್ಮನಾಗಿಸಿದಳು. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ತುಂಡುತುಂಡಾಗಿ ಹೇಳಿಕೊಟ್ಟದ್ದು ಬಿಸಿಲು, ನೀರು, ಅಪ್ಪ, ಉಗುರು, ಯುಗಾದಿ, ಇಷ್ಟೇ. ಅವಳು ಹೇಳಿದ್ದು ಮುಗಿಯಲೇ ಇಲ್ಲ. ಕೊಡಲಿ ಬೀಸಿದಳು, ಕಾದ ನೆಲದ ಮೇಲೆ ಕುಣಿದಳು, ಅಂಗಡಿ ಬಾಗಿಲು ಹಾಕಿದಳು. ನನ್ನ ಅಪ್ಪ ಅಷ್ಟು ಮಾತುಗಾರನಾಗಿರಲಿಲ್ಲ. ನಡುನಡುವೆ ಶಬ್ದ ಸಿಗದಿದ್ದಾಗ ಇಂಗ್ಲಿಷ್ ಹಾಕಿದಳು. ಕನ್ನಡಕದ ಹುಡುಗ ಒಂದೆರಡು ಕಡೆ ತಿದ್ದಿದ. ತಿದ್ದಿದ್ದನ್ನು ತೆಗೆದುಕೊಂಡು ಮುಂದೆ ನಡೆದಳು. ಕೊನೆಗೆ ಎಲ್ಲ ಮಕ್ಕಳೂ ಉಗುರು ಚಾಚಿಕೊಂಡು ಮರಕ್ಕೆ ಮುಗಿಬಿದ್ದವು. “ಒಬ್ಬರೂ ಮುಟ್ಟಬೇಡಿ! ಇಲ್ಲದಿದ್ದರೆ ಇವತ್ತೇ ಸಾಯುತ್ತೆ” ಎಂದರು ಟೀಚರ್.

ಹುಡುಗ ಮಾತ್ರ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. “ಹಾಗಾದರೆ ಎಲೆ ಯಾವಾಗ ಬರುತ್ತೆ?”

“ಯುಗಾದಿಗೆ” ಎಂದೆ ನಾನು.

ಅಕ್ಕ ಅದನ್ನು ಮಲಯಾಳದಲ್ಲಿ ಹೇಳಿದಳು, “ವಿಷುವಿಗೆ.” ವಿಷು ಎಂದರೆ ಏಪ್ರಿಲ್ ನಡುವಿನಲ್ಲಿ ಬರುವ ಅಲ್ಲಿನ ಹೊಸ ವರ್ಷ.

“ಸರಿ. ನಮ್ಮ ಮನೆ ಇಲ್ಲೇ ಹಿಂದಿನ ರಸ್ತೆಯಲ್ಲಿ. ವಿಷುವಿನ ದಿನ ನಾನೇ ಬಂದು ನೋಡ್ತೀನಿ. ನೀನೂ ಬಾ” ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, “ನಾನು ಯುಗಾದಿ ಅಂದರೆ ನೀನು ವಿಷು ಅಂದೆಯಲ್ಲ, ಯಾಕೆ?”

“ಅವರಿಗೆ ಯುಗಾದಿ ಗೊತ್ತಿಲ್ಲ ತಾತ” ಎಂದಳು. “ಮತ್ತೆ, ವಿಷು ಆಮೇಲೆ ಬರುತ್ತಲ್ಲ. ನಿಂಗೂ ಒಂಚೂರು ಟೈಮ್ ಸಿಗ್ಲಿ ಅಂತ.”

ಯುಗಾದಿಯ ಬೆಳಿಗ್ಗೆ, ಹಾಲು ತರುತ್ತೇನೆಂದು ಹೇಳಿ ನಾನೊಬ್ಬನೇ ಬಸ್ಸು ಹತ್ತಿ ಉದ್ಯಾನಕ್ಕೆ ಹೋದೆ. ಮರ ಬೋಳಾಗಿಯೇ ಇತ್ತು. ಒಂದು ಕಾಗೆ ಕೂತು ನನ್ನನ್ನು ನೋಡಿತು. ನಮ್ಮೂರಿನ ಪಂಚಾಂಗ ಈ ಮಣ್ಣಿಗೆ ಗೊತ್ತಿರಬೇಕೆಂದು ಯಾವ ಕಾನೂನಿದೆ? ಅಥವಾ ಸಿಪ್ಪೆಯಡಿಯ ಆ ಹಸಿರೇ ಕೊನೆಯದಾಗಿತ್ತೋ? ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹಾಲೆಲ್ಲಿ ಎಂದು ಕೇಳಲಿಲ್ಲ. ಮರದ ಸುದ್ದಿಯನ್ನೂ ಕೇಳಲಿಲ್ಲ. ನನ್ನ ಅಂಗೈಗೆ ಬೇವುಬೆಲ್ಲ ಹಾಕಿದಳು. ಅದರಲ್ಲಿ ಬೆಲ್ಲವೇ ಜಾಸ್ತಿ ಇತ್ತು.

ವಿಷುವಿನ ದಿನ ಬಾಡಿಗೆ ಮನೆಯ ಒಡತಿ ಅಕ್ಕನ ಕೈಗೆ, ಹಿರಿಯರು ಮಕ್ಕಳಿಗೆ ಕೊಡುವ ವಿಷುವಿನ ನಾಣ್ಯ ಇಟ್ಟರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಕ್ಕ ಆಟೋ ಹತ್ತಿದಳು. ದಾರಿಯುದ್ದಕ್ಕೂ ಕಾಂಪೌಂಡುಗಳ ಮೇಲೆ ಕಕ್ಕೆಯ ಹಳದಿ ಹೂ ಜೋತುಬಿದ್ದಿತ್ತು. ಅವಳು ಅದನ್ನು ನೋಡಲಿಲ್ಲ. ನಾನು ನೋಡಿದಂತೆ ನಟಿಸಿದೆ, ಅಷ್ಟೆ. ಉದ್ಯಾನದ ತಿರುವಿನಲ್ಲಿ ಕನ್ನಡಕದ ಹುಡುಗ ಹೊಸ ಅಂಗಿ ಹಾಕಿಕೊಂಡು ನಮಗಿಂತ ಮುಂಚೆಯೇ ಬಂದು, ಕತ್ತೆತ್ತಿ ನಿಂತಿದ್ದ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ರೆಂಬೆಗಳ ತುದಿಯಲ್ಲೆಲ್ಲ ತಾಮ್ರದ ಬಣ್ಣದ ಚಿಗುರು, ಇಲಿಯ ಕಿವಿಯಷ್ಟು ಪುಟ್ಟದು.

“ಇದೆ” ಎಂದ.

“ಗೊತ್ತಿತ್ತು” ಎಂದಳು ನಿಮ್ಮ ಅಕ್ಕ. ಆಮೇಲೆ ಇಬ್ಬರೂ ಮಲಯಾಳದಲ್ಲಿ ಏನೇನೋ ಮಾತಾಡಿಕೊಂಡರು. ನಾನು ಹಿಡಿಯಲಾರದಷ್ಟು ವೇಗವಾಗಿತ್ತು.

ಈಗ ನಿಮ್ಮ ವಿಷಯ. ಹೋದ ವಾರ ನೀವೂ ಕೊಚ್ಚಿಯ ಉದ್ಯಾನಕ್ಕೆ ಶಾಲೆಯಿಂದ ಹೋಗಿ ಬಂದಿರಿ. ಆಮೇಲೆ ಕಾಕ್ಕನಾಡಿನ ನಿಮ್ಮ ಅಪ್ಪನ ಈ ಎತ್ತರದ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, ಕರಿಬೇವಿನ ಗಿಡಕ್ಕೆ ಫೋನ್ ಹಿಡಿದು ಅದರ ಹೆಸರು, ಕುಲ, ಗೋತ್ರ ಎಲ್ಲ ನನಗೆ ಹೇಳಿದಿರಿ. ನನಗೆ ಸಂತೋಷವಾಯಿತು. ಆ ಯಂತ್ರ ನನ್ನ ಬಳಿ ಆವತ್ತು ಇದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮೂಲೆಯ ಕುಂಡದ ಬೋಳು ಕಡ್ಡಿಗೆ ಹಿಡಿದಾಗ ಮಾತ್ರ ಅದು ಎಲೆಯ ಚಿತ್ರ ಕೇಳಿತು. ಎಲೆ ಇಲ್ಲ. “ಸತ್ತಿದೆ, ಬಿಸಾಡೋಣ” ಎಂದಿರಿ. ನಾನು ಬೆಳೆದ ಊರಲ್ಲಿ ಮರಗಳೇ ಕಡಿಮೆ, ಹಾಗಾಗಿ ಕಾಯುವುದಕ್ಕೆ ಪುರುಸೊತ್ತಿತ್ತು. ನಿಮಗೆ ಗೊತ್ತಿರುವ ಗಿಡಗಳೇ ನೂರಾರು, ಒಂದೊಂದನ್ನೂ ಕಾಯುತ್ತ ಕೂರಿ ಎಂದರೆ ಪಾಪ ನಿಮಗೂ ಕಷ್ಟ. ಆದರೂ ಆ ಕಡ್ಡಿಯನ್ನು ಯುಗಾದಿಯವರೆಗೆ ಇಟ್ಟುಕೊಳ್ಳಿ. ಇದು ಕೇರಳ, ವಿಷುವಿನವರೆಗೇ ಇರಲಿ.

ಆ ಮರದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಜೂನಿನಲ್ಲಿ ಶಾಲೆ ಶುರುವಾದ ಮೇಲೆ, ಮಾತು ಜಾಸ್ತಿ ಎಂದು ನಿಮ್ಮ ಅಕ್ಕನನ್ನು ಕೊನೆಯ ಬೆಂಚಿನಿಂದ ಎಬ್ಬಿಸಿ ಮುಂದಿನ ಬೆಂಚಿನಲ್ಲಿ ಕೂರಿಸಿದರು.