ಮಾಸ್ತರರ ಸರ್ಪಸುತ್ತು

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಸುರಪುರದ ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು. ನೆರೆಮನೆಯ ಗಣಿತದ ಮಾಸ್ತರರಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಲಿಯದಿದ್ದರೆ ನೌಕರಿ ಇಲ್ಲವೆಂದು ಹುಕುಂ ಬಂತು. ಆ ಚಿಂತೆಯಲ್ಲೇ ಸೊಂಟಕ್ಕೆ ಸರ್ಪಸುತ್ತು ಎದ್ದಿತು.

“ಸೊಂಟ ಸುತ್ತಿ ಹಾವಿನ ಹೆಡಿ-ಬಾಲ ಕೂಡಿದ್ರ ಜೀವಾ ಉಳಿಯಂಗಿಲ್ರಿ,” ಎಂದು ಓಣಿಯವರು ಹೆದರಿಸಿದರು.

“ನೋಡೂಣಂತ,” ಎಂದರು, ಯಾವುದಕ್ಕೂ ಹಾಗೆನ್ನುವ ಮಾಸ್ತರರು. ದಿನಾ ಮುಂಜಾನೆ ದಾರ ಹಿಡಿದು ಗುಳ್ಳೆಗಳ ಎರಡು ತುದಿಯ ನಡುವಿನ ಜಾಗ ಅಳೆಯುವರು. ಆಮೇಲೆ ಉರಿಗೆ ಹಲ್ಲು ಕಚ್ಚಿ, ಮನೆಯಲ್ಲೇ ಕನ್ನಡ ಬರೆಯಲು ಕಲಿತಿದ್ದ ಹತ್ತು ವರ್ಷದ ಹುಡುಗಿ ನನ್ನಿಂದ ಅಕ್ಷರ ತಿದ್ದಿಸಿಕೊಳ್ಳುವರು.

ಒಂದು ದಿನ ಗೋಡೆಯಾಚೆಯಿಂದ ನನ್ನನ್ನು ಕೂಗಿದರು: “ಯವ್ವಾ, ನಾಕು ದಿನದಿಂದ ದಾರ ಅಷ್ಟೇ ಅದ! ಹಾವು ನಿಂತದ!”

ಓಡಿಹೋದೆ. ಪಾಟಿ-ಬಳಪ ಹಿಡಿದು ಕೂತಿದ್ದರು. “ಅದು ಹೋಗ್ಲಿ. ‘ಲ’ಕ್ಕೂ ‘ಳ’ಕ್ಕೂ ಏನು ಫರಕ್, ಹೇಳು.”

ಗುಳ್ಳೆ ಒಣಗಿದ ವಾರ ಶಾಲೆಗೆ ಬಂದು, ಹಲಗೆಯ ಮೇಲೆ ‘ಕಳೆಯುವ ಲೆಕ್ಕ’ ಎಂದು ಬರೆದರು. ಎರಡೂ ಅಕ್ಷರ ಸರಿಯಾಗಿದ್ದವು.