ಲೂಟಿಗೆ ಮದ್ದು ಉಂಟಾ?

ನಮ್ಮ ಮಂಗಳೂರಿನ ಕನ್ನಡದಲ್ಲಿ ಲೂಟಿ ಎಂದರೆ ದರೋಡೆಯಲ್ಲ, ಮಕ್ಕಳ ತುಂಟಾಟ. ಘಟ್ಟದ ಮೇಲಿನವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು. ನಾನು ಹೇಳಲಿಲ್ಲ. ಏಳು ವರ್ಷದ ಮಗಳು ಸಾನ್ವಿಯನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳೇ, "ಇವಳದ್ದು ಭಾರಿ ಲೂಟಿ ಡಾಕ್ಟ್ರೇ. ಶಾಲೆಯಲ್ಲೂ ಲೂಟಿ, ನೆಂಟರ ಮನೆಗೆ ಹೋದರೂ ಲೂಟಿ" ಎಂದೆ. ಧಾರವಾಡ ಕಡೆಯ ಆ ಹೆಂಗಸು ಪೆನ್ನು ಕೆಳಗಿಟ್ಟು, "ಏನೇನ್ ಎತ್ಕೊಂಡ್ ಬರ್ತಾಳ್ರೀ?" ಎಂದು ಮೆತ್ತಗೆ ಕೇಳಿದರು.

ಅರ್ಥ ಬಿಡಿಸಿ ಹೇಳಿ, ಇಬ್ಬರೂ ನಕ್ಕು ಮುಗಿದ ಮೇಲೆ ಈ ಲೂಟಿಗೆ ಅವರು ಹೇಳಿದ ಹೆಸರು ಹೈಪರ್‌ಆಕ್ಟಿವಿಟಿ. ಲೂಟಿ ಎಂದು ಬೈಯುವಾಗ ಅದರೊಳಗೆ ಒಂದು ಮುದ್ದೂ ಇರುತ್ತದೆ. ಈ ಹೊಸ ಹೆಸರಿನಲ್ಲಿ ನಾನು ಎಷ್ಟು ಹುಡುಕಿದರೂ ಮುದ್ದು ಸಿಗಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಮೈದಣಿಯುವಷ್ಟು ಆಟ, ವಾರಕ್ಕೊಮ್ಮೆ ನಡವಳಿಕೆಯ ತರಬೇತಿ, ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು. ಚೀಟಿಯಲ್ಲಿ ಮದ್ದಿನ ಹೆಸರೇ ಇಲ್ಲ. ಮದ್ದು ಬರೆಯದ ಡಾಕ್ಟರನ್ನು ನಂಬುವುದು ಹೇಗೆ? ವಾಮಂಜೂರಿನ ಮನೆಗೆ ವಾಪಸು ಬರುವ ಬಸ್ಸಿನಲ್ಲೇ ನಾನು ಮೊಬೈಲನ್ನು ಡಾಕ್ಟರು ಮಾಡಿಕೊಂಡೆ.

ಮೊಬೈಲು ಧಾರಾಳಿ. ಸಕ್ಕರೆ ಬಿಡಿಸಿ ಎಂದಿತು, ಬಿಡಿಸಿದೆ. ಬಣ್ಣದ ಮಿಠಾಯಿ, ಬೇಕರಿ ಬನ್ನು, ಹಾಲು, ಗೋಧಿ ಎಲ್ಲ ಒಂದೊಂದಾಗಿ ಮನೆ ಬಿಟ್ಟು ಹೋದವು. ಜಿಂಕ್, ಮೆಗ್ನೀಸಿಯಂ, ಕಬ್ಬಿಣದ ಡಬ್ಬಿಗಳು ಒಳಗೆ ಬಂದವು. "ರಕ್ತದಾಗ ಕಡಿಮಿ ಇದ್ರ ಕೊಡೂಣು, ಇಲ್ಲಂದ್ರ ಯಾಕ್ರೀ?" ಎಂದು ಡಾಕ್ಟರು ಆಮೇಲೆ ಗದರಿದ್ದುಂಟು. ಆದರೆ ಆ ಹೊತ್ತಿಗೆ ನಾನೇ ಪಂಡಿತೆ. ಸಕ್ಕರೆ ನಿಂತ ಮೂರನೇ ದಿನ ಮನೆಯಲ್ಲಿ ಎಗರಾಡಿದ್ದು ಮಗಳಲ್ಲ, ನಾನು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅವಳ ಚಾಕೊಲೇಟನ್ನು ನಾನೇ ತಿಂದದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಿಜವಾದ ಲೂಟಿ ಅದು.

ಕೊನೆಗೆ ಬಂದದ್ದು ಮೀನೆಣ್ಣೆಯ ಗುಳಿಗೆ. ನನ್ನ ಅತ್ತೆ ಬಂದರಿನಲ್ಲಿ ವರ್ಷಗಟ್ಟಲೆ ಮೀನು ಮಾರಿದವರು. ಡಬ್ಬಿಯನ್ನು ತಿರುಗಿಸಿ ನೋಡಿ, "ಮೀನೆಣ್ಣೆಯಾ? ಅದು ದೋಣಿಗೆ ಹಚ್ಚುವುದಲ್ವಾ ಮಾರಾಯ್ತಿ, ಮರ ಹಾಳಾಗದ ಹಾಗೆ? ದಿನಾ ಮನೆಗೆ ಬೂತಾಯಿ ಮೀನು ಬರ್ತದೆ, ಮತ್ತೆ ಈ ಡಬ್ಬಿ ಎಂತಕ್ಕೆ?" ಎಂದರು. ನಾನು ಅವರಿಗೆ ಒಮೆಗಾ-ತ್ರೀ ಬಗ್ಗೆ ಪಾಠ ಮಾಡಿದೆ. ಹುಟ್ಟಿದಂದಿನಿಂದ ಬೂತಾಯಿ ಪುಳಿಮುಂಚಿ ಸಾರು ಉಂಡವರಿಗೆ ಮೀನಿನ ಮಹಿಮೆ ಹೇಳುವ ನನ್ನ ಧೈರ್ಯಕ್ಕೆ ಈಗ ನನಗೇ ನಾಚಿಕೆಯಾಗುತ್ತದೆ.

ಒಂದು ವಾರ ಕಳೆದಿರಬಹುದು. ಸಂಜೆ ನೋಡುತ್ತೇನೆ, ಸಾನ್ವಿ ಕುರ್ಚಿಯಲ್ಲಿ ಕೂತಿದ್ದಾಳೆ. ಬರೀ ಕೂತಿದ್ದಾಳೆ! ಹತ್ತು ನಿಮಿಷ, ಹದಿನೈದು ನಿಮಿಷ, ಕಾಲು ಕೂಡ ಆಡಿಸುತ್ತಿಲ್ಲ. ಗುಳಿಗೆ ಕೆಲಸ ಮಾಡಿತು ಎಂದು ಗಂಡನಿಗೆ ಫೋನು ಮಾಡಿ ಹೇಳಿಯೂ ಆಯಿತು. ಆಮೇಲೆ ಹತ್ತಿರ ಹೋದೆ. ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು, ಕಣ್ಣು ತುಂಬಿಕೊಂಡು ಕೂತಿದ್ದಳು.

"ಅಮ್ಮಾ, ಹಾಳಾಗುವ ದೋಣಿಗೆ ಆ ಎಣ್ಣೆ ಅಂತ ಅಜ್ಜಿ ಹೇಳಿದ್ರಲ್ಲ. ನಾನು ಎಲ್ಲಿ ಹಾಳಾದದ್ದು?"

ಇಷ್ಟು ದಿನ ಅವಳ ಬಾಯಿಗೆ ಹಾಕಿದ ಒಂದೊಂದು ಗುಳಿಗೆಯ ಜೊತೆಗೂ ನಾನು ಇದನ್ನೇ ಹೇಳಿಕೊಟ್ಟಿದ್ದೆ.

ಉತ್ತರ ಕೊಟ್ಟದ್ದು ಅತ್ತೆ. ಮಂಡಿನೋವಿನ ಕಾಲನ್ನು ಎಳೆದುಕೊಂಡು ಬಂದು, ಮೊಮ್ಮಗಳ ಕೈಗಳನ್ನು ತೊಡೆಯಡಿಯಿಂದ ಬಿಡಿಸಿ ತೆಗೆದರು.

"ಹಾಳಾದ ದೋಣಿಗೆ ಯಾರೂ ಎಣ್ಣೆ ಹಚ್ಚುವುದಿಲ್ಲ ಮಗಾ. ಅದನ್ನು ಒಡೆದು ಒಲೆಗೆ ಹಾಕ್ತಾರೆ. ಎಣ್ಣೆ ಹಚ್ಚುವುದು ಕಡಲಿಗೆ ಹೋಗ್ಲಿಕ್ಕೆ ಉಂಟಲ್ಲ, ಆ ದೋಣಿಗೆ."

"ಯಾವಾಗ ಹೋಗುವುದು?" ಎನ್ನುತ್ತ ಸಾನ್ವಿ ಕುರ್ಚಿಯಿಂದ ಹಾರಿದಳು. ಕುರ್ಚಿ ಮಗುಚಿ ಬಿತ್ತು. ಅದನ್ನು ಎತ್ತಿಡಲು ನಾವಿಬ್ಬರೂ ಅವಸರ ಮಾಡಲಿಲ್ಲ.