ಗಂಟಿನ ಪ್ರಾರ್ಥನೆ

‘ದೇವರಿದ್ದಾನೆ’ ಎಂದು ಯಾರಾದರೂ ಹೇಳಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಇಷ್ಟಕ್ಕೇ ನನ್ನನ್ನು ನಾಸ್ತಿಕರ ಸಾಲಿಗೆ ಸೇರಿಸಬೇಡಿ. ನಾನು ಹುಟ್ಟು ಕ್ರೈಸ್ತ. ಅಜ್ಜನ ಕಾಲದಿಂದಲೂ ಚರ್ಚಿನ ಸಭೆಯಲ್ಲಿ ಕಿಟಕಿಯ ಪಕ್ಕದ ಬೆಂಚು ನಮ್ಮದೇ. ಜ್ವರ ಬಂದಾಗಲೂ ಭಾನುವಾರ ತಪ್ಪಿಸಿದವನಲ್ಲ. ದೇವರಿದ್ದಾನೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನನ್ನ ತಕರಾರೆಲ್ಲ ನಮ್ಮ ಜನ ಆ ಮಾತನ್ನು ಬಳಸುವ ಹೊತ್ತಿನ ಬಗ್ಗೆ. ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಾಗ ಯಾರೂ ದೇವರಿದ್ದಾನೆ ಅನ್ನುವುದಿಲ್ಲ. ಬಡ್ತಿ ಸಿಕ್ಕಾಗಲೂ ಅನ್ನುವುದಿಲ್ಲ. ವಕೀಲರು ಕಡತ ಮುಚ್ಚಿ ಕನ್ನಡಕ ತೆಗೆದಾಗ, ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಹಿಡಿಯದಿದ್ದಾಗ, ಪರೀಕ್ಷೆ ಮುಗಿಸಿ ಬಂದ ಹುಡುಗ ಪ್ರಶ್ನೆಪತ್ರಿಕೆಯನ್ನು ಸಣ್ಣಗೆ ಮಡಚಿ ಕಿಸೆಗೆ ಸೇರಿಸಿದಾಗ, ಆಗ ದೇವರಿದ್ದಾನೆ. ಉಳಿದವರು ಯಾರೂ ಇಲ್ಲವೆಂದು ಅದರ ಅರ್ಥ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಈ ಮಾತನ್ನು ನನಗೆ ಹೇಳಿದವರು ಒಬ್ಬ ಡಾಕ್ಟರು. ನನ್ನ ಹೆಂಡತಿ ಕರುಣಾಳ ಎಡಗಡೆಯ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಅವಳು ಅದನ್ನು ನನಗೆ ತಿಳಿಸಿದ ರೀತಿಯೂ ಹೇಳಬೇಕಾದದ್ದೇ. ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ, “ಸಾಲಿ ಬಿಟ್ಟ ಮ್ಯಾಲೆ ದವಾಖಾನಿಗೆ ಹೋಗೂದೈತಿ, ಗಾಡಿಗೆ ಪೆಟ್ರೋಲ್ ಹಾಕಿಸಿ ಇಡ್ರಿ” ಎಂದಳು. ಯಾಕೆಂದು ಕೇಳಿದರೆ, “ಒಂದು ಗಂಟು ಆಗೇತಿ, ತೋರಿಸಬೇಕು. ಉಪ್ಪಿನಕಾಯಿ ಹಾಕ್ಲೇನು?” ಎಂದಳು. ಅವಳು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಉತ್ತರ ಬರುವವರೆಗೆ ಗಾಬರಿಯಾಗುವುದು ಅವಳ ಪದ್ಧತಿಯಲ್ಲ. ನನಗೆ ಪ್ರಶ್ನೆ ಓದುವಾಗಲೇ ಗಾಬರಿ. ಡಾಕ್ಟರು ಪರೀಕ್ಷೆ ಮಾಡಿ, ಸೂಜಿಯಿಂದ ಚೂರು ತೆಗೆದು ಲ್ಯಾಬಿಗೆ ಕಳಿಸಿ, ನನ್ನ ಮುಖ ನೋಡಿ ಪಾಪ ಸಮಾಧಾನಕ್ಕೆಂದೇ ಅಂದರು: “ರಿಪೋರ್ಟ್ ಬರಲಿ, ನೋಡೂಣು. ದೇವರಿದ್ದಾನ ಬಿಡ್ರಿ, ಸರ.”

ಜೀವಮಾನವಿಡೀ ದೇವರಿದ್ದಾನೆಂದು ಹಾಡಿದವನು ನಾನು. ಆ ಕ್ಷಣ ಕುರ್ಚಿಯ ಕೈ ಹಿಡಿದುಕೊಂಡೆ.

ಇನ್ನು ನಮ್ಮ ಕೂಟದ ವಿಷಯ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಾವೊಂದಿಷ್ಟು ಕುಟುಂಬದವರು ವಾರಕ್ಕೊಂದು ಸಂಜೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಹಾಡಾದ ಮೇಲೆ ಒಬ್ಬೊಬ್ಬರೂ ತಮ್ಮ ‘ವಿಷಯ’ ಹೇಳಬೇಕು. ಯಾರದೋ ಮೊಣಕಾಲು, ಯಾರದೋ ವರ್ಗಾವಣೆ, ಯಾರದೋ ಸೊಸೆಯ ಮೌನ, ಎಲ್ಲಕ್ಕೂ ಪ್ರಾರ್ಥನೆ ಸಲ್ಲುತ್ತದೆ. ಬಾಯಿಬಿಟ್ಟು ಹೇಳಲಾಗದವರು ‘ಗುಪ್ತ ವಿಷಯ’ ಎನ್ನಬಹುದೆಂಬ ಅನುಕೂಲವೂ ಇದೆ. ಆದರೆ ಹಾಗೆಂದವರ ಗುಟ್ಟನ್ನು ಮುಂದಿನ ಭಾನುವಾರದೊಳಗೆ ಇಡೀ ಸಭೆ ಊಹಿಸಿ, ಚರ್ಚಿಸಿ, ತೀರ್ಮಾನಿಸಿ ಬಿಟ್ಟಿರುತ್ತದೆ. ಆದ್ದರಿಂದ ಅನುಭವಸ್ಥರು ಆ ದಾರಿ ಹಿಡಿಯುವುದಿಲ್ಲ.

ನನ್ನ ಸರದಿ ಬಂತು. ಗಂಡಸರು ಹೆಂಗಸರು ಎಲ್ಲ ಕೂತಿದ್ದಾರೆ, ಪಕ್ಕದಲ್ಲಿ ಕರುಣಾ. ಎದೆ ಎಂಬ ಶಬ್ದವನ್ನು ಕವಿತೆ ಪಾಠ ಮಾಡುವಾಗ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ಅಂದು ಮಾತ್ರ ಅದು ಗಂಟಲು ದಾಟಲಿಲ್ಲ. “ನಮ್ಮ ಮನಿಯವರದೊಂದು ಗಂಟಿನ ವಿಷಯ ಐತ್ರಿ... ಅದರ ಸಲುವಾಗಿ...” ಎಂದು ಉಳಿದದ್ದನ್ನು ನುಂಗಿಬಿಟ್ಟೆ. ಕೂಟ ನಡೆಸುತ್ತಿದ್ದವರು, “ಸಮುವೇಲಪ್ಪಜ್ಜಾರು ಪ್ರಾರ್ಥನಾ ಮಾಡ್ಲಿ” ಎಂದರು.

ಸಮುವೇಲಪ್ಪಜ್ಜನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸವಿತ್ತು. ನಿವೃತ್ತಿಯಾಗಿ ಬರುವಾಗ ಕಿವಿಗಳನ್ನು ಅಲ್ಲಿಯ ಸುತ್ತಿಗೆಗಳ ಸಪ್ಪಳದಲ್ಲೇ ಬಿಟ್ಟು ಬಂದಿದ್ದಾರೆ. ತಮಗೆ ಕೇಳಿಸದಿರುವುದು ದೇವರಿಗೂ ಕೇಳಿಸಲಿಕ್ಕಿಲ್ಲ ಎಂಬಷ್ಟು ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ನಾವು ಉಳಿದವರು ಕಣ್ಣು ಮುಚ್ಚಿದ ಕೂಡಲೇ ಹುಬ್ಬಳ್ಳಿಯ ಮಾತು ಬಿಟ್ಟು, ಇಸ್ತ್ರಿ ಮಾಡಿದ ಪುಸ್ತಕದ ಕನ್ನಡಕ್ಕೆ ಏರಿಬಿಡುತ್ತೇವೆ. ‘ದಯಪಾಲಿಸು’, ‘ಅನುಗ್ರಹಿಸು’ ಎಂದೆಲ್ಲ ಹೇಳುತ್ತ, ನಾನಂತೂ ಪ್ರಾರ್ಥನೆಯ ನಡುವೆ ವಿಭಕ್ತಿ ತಪ್ಪಿದರೆ ಹಿಂದೆ ಹೋಗಿ ಸರಿಪಡಿಸಿಕೊಂಡು ಬರುತ್ತೇನೆ. ಅಜ್ಜನಿಗೆ ಆ ಗೊಡವೆ ಇಲ್ಲ. ಕಟ್ಟೆಯ ಮೇಲೆ ಕೂತು ಅಣ್ಣನೊಡನೆ ಮಾತಾಡಿದ ಹಾಗೆ ಮಾತಾಡುತ್ತಾರೆ.

ನಾವು ಹಿಂದಿನ ದಿನವಷ್ಟೇ ಗದಗದಿಂದ ರೈಲಿನಲ್ಲಿ ಬಂದಿದ್ದೆವು. ಅದು ಅಜ್ಜನಿಗೆ ಗೊತ್ತಿತ್ತು. ನನ್ನ ಮಾತಿನಲ್ಲಿ ಅವರಿಗೆ ಕೇಳಿಸಿದ್ದು ‘ಗಂಟು’ ಒಂದೇ. ಎರಡನ್ನೂ ಕೂಡಿಸಿ, ಕಣ್ಣು ಮುಚ್ಚಿ, ಶುರು ಮಾಡಿದರು.

“ತಂದಿ, ನಮ್ಮ ಕರುಣವ್ವನ ಗಂಟು ಹೋಗೇತಿ. ರೈಲಿನ್ಯಾಗ ಹೋತೋ, ಸ್ಟೇಷನ್‌ದಾಗ ಹೋತೋ, ನಿನಗ ಗೊತ್ತು. ಬೆವರು ಸುರಿಸಿ ಕೂಡಿಸಿದ ಗಂಟು ಅದು, ತಂದಿ! ಯಾರ ಕೈಯಾಗ ಐತೋ ಅವರ ಮನಸ್ಸು ತಿರುಗಿಸು. ಆ ಗಂಟು ಮತ್ತ ಆಕಿಗೇ ಬರಲಿ. ಇದ್ದಷ್ಟೇ ಬ್ಯಾಡ, ಎರಡ ಪಟ್ಟು ಆಗಿ ಬರಲಿ! ಮೂರ ಪಟ್ಟು ಆಗಿ ಬರಲಿ! ಆಕಿ ಜೀವ ಇರೂತನಕಾ ಆ ಗಂಟು ಆಕಿನ್ನ ಬಿಟ್ಟು ಹೋಗದಿರಲಿ!”

“ಆಮೆನ್!” ಎಂದಿತು ಇಡೀ ಕೂಟ.

ಆ ಆಮೆನ್‌ನಲ್ಲಿ ನನ್ನದೂ ಇತ್ತು. ಬೇಕೆಂದು ಹೇಳಿದ್ದಲ್ಲ. ಹುಟ್ಟಿನಿಂದ ಬಂದ ರೂಢಿ, ಪ್ರಾರ್ಥನೆಯ ದನಿ ಇಳಿದ ಕೂಡಲೇ ಬಾಯಿ ತಾನಾಗಿ ತೆರೆಯುತ್ತದೆ. ಕನ್ನಡ ಮಾಸ್ತರನಾದವನಿಗೆ ಮೊದಲೇ ಹೊಳೆಯಬೇಕಿತ್ತು. ಗಂಟು ಎಂಬುದು ನಮ್ಮ ಭಾಷೆಯಲ್ಲಿ ಬಹಳ ದೊಡ್ಡ ಸಂಸಾರದ ಶಬ್ದ. ಬುತ್ತಿಯದೂ ಗಂಟು, ಬಟ್ಟೆಯದೂ ಗಂಟು, ಕೂಡಿಟ್ಟ ರೊಕ್ಕದ್ದೂ ಗಂಟು. ಸಿಟ್ಟು ಬಂದರೆ ಮುಖಕ್ಕೆ ಹಾಕಿಕೊಳ್ಳುತ್ತೇವೆ. ಬೇಡವಾದವರು ದಾರಿಯಲ್ಲಿ ಗಂಟು ಬೀಳುತ್ತಾರೆ. ಸಣ್ಣ ಉಪಕಾರಕ್ಕೂ ಒಪ್ಪದವನನ್ನು ನಿಮ್ಮಪ್ಪನ ಗಂಟೇನು ಹೋಗುತ್ತದೆಂದು ಕೇಳುತ್ತೇವೆ. ಇಷ್ಟು ಅರ್ಥಗಳ ನಡುವೆ ನನ್ನ ಹೆಂಡತಿಯ ಗಂಟನ್ನು ಹೆಸರು ಹೇಳದೆ ಬಿಟ್ಟು ಬಂದರೆ ಅದು ದಾರಿ ತಪ್ಪದೆ ಇನ್ನೇನಾದೀತು?

ಮೆಲ್ಲಗೆ ಕಣ್ಣು ತೆರೆದು ಕರುಣಾಳನ್ನು ನೋಡಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜಗಳು ಅಲುಗುತ್ತಿದ್ದವು. ಕೊನೆಗೂ ಅತ್ತಳಲ್ಲ ಎಂದುಕೊಂಡೆ. ಹೊರಗೆ ಬಂದು ಸ್ಕೂಟರು ಚಾಲೂ ಮಾಡಿದ ಮೇಲೆ ಗೊತ್ತಾಯಿತು, ಅವಳು ನಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕೂತು, “ಮೂರ ಪಟ್ಟು! ಅಯ್ಯೋ ಕರ್ತನೇ, ಮೂರ ಪಟ್ಟಂತ!” ಎಂದು ಹೊಟ್ಟೆ ಹಿಡಿದು ನಕ್ಕಳು. ಸ್ಕೂಟರು ಓಲಾಡಿತು. “ಸುಮ್ಮ ಕೂಡು, ಬಿದ್ದೇವು” ಎಂದು ಗದರಿದೆ. ನನಗೆ ನಗು ಬರಲಿಲ್ಲ. ನಾನು ಆಮೆನ್ ಅಂದಿದ್ದೆನಲ್ಲ!

ದೇವರು ಇಂಥ ಎಡವಟ್ಟಿಗೆ ಸಿಕ್ಕಿಬೀಳುವವನಲ್ಲವೆಂದು ನನ್ನ ಬುದ್ಧಿಗೆ ಗೊತ್ತಿತ್ತು. ಆದರೆ ಹೆದರಿದ ಮನಸ್ಸು ಬುದ್ಧಿಯ ಮಾತು ಕೇಳುವುದಿಲ್ಲ. ಮರುದಿನ ಧಾರವಾಡದ ಬಸ್ಸಿನಲ್ಲಿ ಕೂತು ಒಂದು ತಿದ್ದುಪಡಿ ಪ್ರಾರ್ಥನೆ ಸಲ್ಲಿಸಿದೆ. ನಿನ್ನೆಯ ಪ್ರಾರ್ಥನೆಯಲ್ಲಿ ‘ಗಂಟು’ ಎಂಬುದನ್ನು ಇಂಥ ಅರ್ಥದಲ್ಲಿ ತೆಗೆದುಕೊಳ್ಳಬೇಕು, ‘ಬರಲಿ’ ಎಂದಲ್ಲೆಲ್ಲ ‘ಹೋಗಲಿ’ ಎಂದು ಓದಿಕೊಳ್ಳಬೇಕು, ಪಟ್ಟುಗಳನ್ನು ಪೂರ್ತಿ ಕೈಬಿಡಬೇಕು ಎಂದು ವಿನಂತಿಸಿದೆ. ಮಕ್ಕಳ ಉತ್ತರಪತ್ರಿಕೆಯ ಮೇಲೆ ಕೆಂಪು ಮಸಿ ಆಡಿಸಿ ಬಂದ ಚಾಳಿ, ಪರಲೋಕಕ್ಕೂ ತಲುಪಿತು. ಭಾರವನ್ನೆಲ್ಲ ದೇವರ ಮೇಲೆ ಹಾಕಿದ್ದೇನೆ ಎಂದು ಎಲ್ಲರೆದುರು ಹೇಳುತ್ತಿದ್ದೆ. ಹೆಪ್ಪು ಹಾಕಿದ ಹಾಲಿನ ಮುಚ್ಚಳವನ್ನು ಗಳಿಗೆಗೊಮ್ಮೆ ತೆಗೆದು ನೋಡುವವರ ಹಾಗೆ, ಅದು ಅಲ್ಲೇ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ಬರುತ್ತಿದ್ದೆ. ಒಮ್ಮೊಮ್ಮೆ ಎತ್ತಿಕೊಂಡೇ ಬರುತ್ತಿದ್ದೆ. ನಿಜ ಹೇಳುತ್ತೇನೆ, ಅವಳಿಲ್ಲದ ಮನೆ ಹೇಗಿರುತ್ತದೆಂದು ಯೋಚಿಸಿ ಆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಿದ್ದೇನೆ.

ತಿದ್ದುಪಡಿಗೂ ಸಮಾಧಾನವಾಗದೆ, ಮೂಲ ಪ್ರಾರ್ಥನೆ ಮಾಡಿದವರಿಂದಲೇ ಅದನ್ನು ಹಿಂತೆಗೆಸಬೇಕೆಂದು ಒಂದು ಸಂಜೆ ಸಮುವೇಲಪ್ಪಜ್ಜನ ಓಣಿಗೆ ಹೋದೆ. ಅಜ್ಜ ಕಟ್ಟೆಯ ಮೇಲೆ ಕೂತಿದ್ದರು.

“ಬಾರೊ ಮಾಸ್ತರ. ಗಂಟು ಸಿಕ್ತನು?”

“ಗಂಟು ಕಳದಿಲ್ರಿ ಅಜ್ಜಾರ.”

“ಸಿಕ್ತ? ಸ್ತೋತ್ರ!”

“ಸಿಕ್ಕಿಲ್ರಿ! ಅದು ಕಳದೇ ಇಲ್ರಿ!”

“ಎರಡ ಪಟ್ಟು ಸಿಕ್ತ?”

ಇನ್ನು ದಾರಿ ಇರಲಿಲ್ಲ. ಅವರ ಕಿವಿಗೆ ಬಾಯಿ ಹಚ್ಚಿ ಒದರಿದೆ: “ರೊಕ್ಕದ ಗಂಟಲ್ರಿ! ಮೈಯಾಗಿನ ಗಂಟು! ಆಕಿ ಎದಿಯಾಗ ಗಂಟು ಆಗೇತಿ! ಪರೀಕ್ಷಾಕ್ಕ ಕಳಿಸ್ಯಾರ!”

ಕೂಟದಲ್ಲಿ ಪಿಸುಗುಟ್ಟಲಾಗದ್ದನ್ನು ಓಣಿಗೆಲ್ಲ ಕೇಳುವಂತೆ ಕೂಗಿಬಿಟ್ಟಿದ್ದೆ. ಎದುರಿನ ಗ್ಯಾರೇಜಿನಲ್ಲಿ ಬೈಕು ಬಿಚ್ಚಿಟ್ಟುಕೊಂಡು ಕೂತಿದ್ದ ರಫೀಕ್ ಭಾಯಿ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. “ಕರುಣಾ ವೈನಿಯಾರಿಗೆ ಏನೂ ಆಗಂಗಿಲ್ರಿ ಸರ. ನಾನೂ ದುವಾ ಮಾಡ್ತೇನಿ” ಎಂದ. ಅಷ್ಟು ದಿನ ಯಾವುದಕ್ಕೆ ನಾಚಿ ಸಾಯುತ್ತಿದ್ದೆನೋ ಅದು ಹೊರಬಿದ್ದ ಮೇಲೆ ನಾಚಿಕೆಯ ಬದಲು ಉಸಿರಾಡಲು ಜಾಗ ಸಿಕ್ಕ ಹಾಗಾಯಿತು.

ಆದರೆ ಅಜ್ಜನಿಗೆ ಈ ಸಲ ಎಲ್ಲ ಕೇಳಿಸಿತ್ತು. ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಣ್ಣು ತುಂಬಿದವು. “ಮೂರ ಪಟ್ಟು ಮಾಡಂತ ಬೇಡಿದ್ನೆಲ್ಲೊ ಮಾಸ್ತರ... ಆಕಿನ್ನ ಬಿಟ್ಟು ಹೋಗದಿರಲಿ ಅಂದ್ನೆಲ್ಲೊ... ಎಂಥಾ ಕೆಲಸ ಮಾಡಿದೆ ನಾ” ಎಂದು ಗದ್ಗದಿಸಿದರು.

ನನ್ನ ಹೆದರಿಕೆ ಈಗ ಅವರ ಮುಖದ ಮೇಲೆ ಕೂತಿತ್ತು. ಅದನ್ನು ಅಲ್ಲಿ ನೋಡಲು ನನ್ನಿಂದಾಗಲಿಲ್ಲ. ಪ್ರಾರ್ಥನೆ ಹಿಂತೆಗೆಸಲು ಬಂದವನು ಅವರ ಕೈ ಹಿಡಿದು ಹೇಳಿದೆ: “ಇರ್ಲಿ ಬಿಡ್ರಿ ಅಜ್ಜಾರ, ದೇವರಿಗೆ ಗೊತ್ತಾಗಿರತೈತಿ.”

“ಆಂ?”

“ದೇವರಿಗೆ ಗೊತ್ತಾಗಿರತೈತ್ರಿ!”

“ಗೊತ್ತಾಗಿರತೈತಿ ಅಂತೀ?”

“ಗೊತ್ತಾಗಿರತೈತಿ ಅಂದ್ನೆಲ್ರಿ!”

ವಿಶ್ವಾಸ ಎಂಬ ಶಬ್ದಕ್ಕೆ ಉಸಿರಿನ ಸಂಬಂಧವಿದೆಯೆಂದು, ಭರವಸೆಗೆ ಭಾರದ ಸಂಬಂಧವಿದೆಯೆಂದು ನಾನು ತರಗತಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೇನೆ. ಪಂಡಿತರು ಕ್ಷಮಿಸಲಿ. ಆದರೆ ನಂಬಿಕೆಯನ್ನು ಗಂಟಲು ಹರಿಯುವ ಹಾಗೆ ಒದರಿ ಹೇಳಿದ್ದು ಅದೇ ಮೊದಲು. ಇನ್ನೊಬ್ಬರ ಸಮಾಧಾನಕ್ಕೆಂದು ಆಡಿದ ಮಾತು ನನ್ನ ಕಿವಿಗೂ ಬಿತ್ತು, ಮತ್ತು ಅದು ಸುಳ್ಳೆಂದು ನನಗೆ ಅನಿಸಲಿಲ್ಲ. ದೇವರು ನಾವು ಬಾಯಿಂದ ಆಡಿದ್ದನ್ನಷ್ಟೇ ಕೇಳಿಸಿಕೊಳ್ಳುವವನಾದರೆ ನಮ್ಮ ನಿಜವಾದ ಗತಿ ಅವನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅದರ ಹಿಂದಿನ ವಾರವಷ್ಟೇ ನಾನು ‘ನನಗೇನೂ ಚಿಂತೆಯಿಲ್ಲ’ ಎಂದು ಪ್ರಾರ್ಥಿಸಿದ್ದೆ. ಅಜ್ಜನ ತಪ್ಪು ನನ್ನ ಸುಳ್ಳಿಗಿಂತ ಎಷ್ಟೋ ವಾಸಿಯಾಗಿತ್ತು. ಮನೆಗೆ ಬಂದವನು ಆ ದಿನ ಎರಡು ರೊಟ್ಟಿ ಹೆಚ್ಚು ಉಂಡೆ.

ರಿಪೋರ್ಟು ಬಂತು. ಡಾಕ್ಟರು ಹಾಳೆ ತಿರುಗಿಸಿ ನೋಡುವಷ್ಟರಲ್ಲಿ ನಾನು ಕರುಣಾಳ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳ ಬಳೆ ನನ್ನ ಬೆರಳಿಗೆ ಒತ್ತಿ ಗುರುತು ಮೂಡಿತ್ತು. “ಏನೂ ಇಲ್ರಿ, ಸಾದಾ ಗಂಟು. ಕ್ಯಾನ್ಸರ್ ಅಲ್ಲ. ಸುಮ್ಮ ನಡುನಡುವ ತೋರಿಸ್ಕೋತ ಇರ್ರಿ, ಸಾಕು” ಎಂದರು. ಈ ಸಲ ಅವರು ದೇವರ ಹೆಸರೆತ್ತಲಿಲ್ಲ. ನಾನೇ ಮನಸ್ಸಿನಲ್ಲಿ ಎತ್ತಿದೆ, ವಿಭಕ್ತಿ ಪ್ರತ್ಯಯಗಳಿಲ್ಲದೆ.

ಹೊರಗೆ ಬಂದು ಆಸ್ಪತ್ರೆಯ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತ ಕೂಡಲೇ ಕರುಣಾ ಅಳತೊಡಗಿದಳು. ಈ ಸಲ ನಿಜವಾದ ಅಳು. ನಾನು ದಿಗಿಲುಬಿದ್ದೆ.

“ನೀ ಹೆದರಿದ್ದಿಲ್ಲಲ್ಲ?”

“ಯಾರು ಹೇಳಿದ್ರು? ಅಂಜಿ ಸತ್ತಿದ್ದೆ. ದಿನಾ ಬೇಡ್ಕೋತಿದ್ದೆ.”

“ಗಂಟು ಹೋಗಲಿ ಅಂತ?”

ಅವಳು ಸೆರಗಿನಿಂದ ಮೂಗೊರಸಿಕೊಂಡಳು. “ಅದನ್ನೇನು, ಎಲ್ಲಾರೂ ಬೇಡಾಕತ್ತಿದ್ರಿ. ನಾ ನಿಮ್ಮ ಸಲುವಾಗಿ ಬೇಡ್ಕೋತಿದ್ದೆ. ನನಗೇನರ ಆದ್ರ ಇವರನ್ನ ನೀನ ನೋಡ್ಕೋಬೇಕಪಾ, ಇವರಿಗೆ ಒಂದು ಚಹಾ ಸೈತ ಮಾಡ್ಕೊಳ್ಳಾಕ ಬರಂಗಿಲ್ಲ ಅಂತ.”

ಇಷ್ಟು ದಿನ ನಾನು ದೇವರ ಮೇಲೆ ಹಾಕಿದ್ದು ಅವಳ ಗಂಟನ್ನು. ಅವಳು ಹಾಕಿದ್ದು ನನ್ನನ್ನು.

ಮನೆಗೆ ಬಂದು ಸೀದಾ ಅಡುಗೆಮನೆಗೆ ಹೋದೆ. ಅವಳನ್ನು ಹೊರಗೆ ಕೂರಿಸಿ ಬಾಗಿಲು ಮುಂದೆ ಮಾಡಿದೆ. ಹಾಲು ಒಮ್ಮೆ ಉಕ್ಕಿತು. ಸಕ್ಕರೆಯ ಡಬ್ಬಿ ಹುಡುಕುವಷ್ಟರಲ್ಲಿ ಚಹಾಪುಡಿ ಕುದ್ದು ಕುದ್ದು ಇಟ್ಟಿಗೆಯ ಬಣ್ಣಕ್ಕೆ ಬಂತು. ಹೇಗೋ ಸೋಸಿ ಎರಡು ಕಪ್ಪು ತಂದು ಅವಳ ಮುಂದಿಟ್ಟೆ. ಅವಳು ಕಪ್ಪು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕೈಜೋಡಿಸಿ ಕಣ್ಣು ಮುಚ್ಚಿದಳು.

ನಮ್ಮಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ ಉಂಟು, ಚಹಾಕ್ಕಿಲ್ಲ. “ಚಹಾಕ್ಕ ಯಾಕ ಪ್ರಾರ್ಥನಾ?” ಎಂದೆ.

ಕಣ್ಣು ತೆರೆಯದೆಯೇ ಹೇಳಿದಳು: “ನೀವು ಮಾಡೀರಿ ಅಲ್ರಿ, ಅದಕ್ಕ.”

ನಾನೂ ಕಣ್ಣು ಮುಚ್ಚಿದೆ. ಅವಳು ಏನು ಬೇಡಿಕೊಂಡಳೋ ಕೇಳಿಸಲಿಲ್ಲ, ಆದರೂ ಮನಸಾರೆ ಆಮೆನ್ ಅಂದೆ. ಆಮೇಲೆ ಇಬ್ಬರೂ ಕುಡಿದೆವು. ಏನೂ ಆಗಲಿಲ್ಲ.